ರಮ್ಝಿ ಉಸ್ತಾದರ ಆಟದ ಕಾಯಿಗಳು

ಮಹಬೂಲಾ, ಕುವೈತ್
೧೪ ನವೆಂಬರ್ ೨೦೨೫, ಶುಕ್ರವಾರ

ಪ್ರೀತಿಯ ಪಪ್ಪಾ,

ಹೇಗಿದ್ದೀರಿ? ಬಲಗಾಲಿನ ಊತ ಇಳಿದಿದೆಯೇ? ಗಂಜಿ ನುಂಗುವಾಗ ಬರುತ್ತಿದ್ದ ಕೆಮ್ಮು ಕಡಿಮೆಯಾಗಿದೆ ಎಂದು ಜಾನಿಸ್ ಹೇಳಿದಳು. ರೂಬೆನನಿಗೆ ಇಂಥ ಹೆಂಡತಿ ಸಿಕ್ಕಿದ್ದು, ನಮಗೆ ಇಂಥ ಸೊಸೆ ಸಿಕ್ಕಿದ್ದು ನಮ್ಮ ಭಾಗ್ಯ. ಆದರೂ ನನ್ನದೊಂದು ಮಾತು: ಎಷ್ಟೇ ಸುಸ್ತಾಗಿರಲಿ, ಒರಗಿಕೊಂಡು ಉಣ್ಣಬೇಡಿ, ನೆಟ್ಟಗೆ ಕುಳಿತೇ ಉಣ್ಣಿ. ಕುಲಶೇಖರದಲ್ಲಿ ಈಗ ಬೆಳಗಿನ ಹೊತ್ತು ಸ್ವಲ್ಪ ತಂಪಿರಬಹುದು. ಬಾಲ್ಕನಿಯಲ್ಲಿ ಪೇಪರ್ ಓದುವಾಗ ಮಮ್ಮಿ ಶಾಲು ಹೊದಿಸಿದರೆ ಕಿತ್ತೆಸೆಯಬೇಡಿ. ಇಲ್ಲಿ ಸೆಕೆ ಮುಗಿಯಿತು. ಮಹಬೂಲಾದ ಕಟ್ಟಡಗಳ ಕಿಟಕಿಗಳು ಒಂದೊಂದಾಗಿ ತೆರೆದುಕೊಂಡಿವೆ. ಎಸಿಯ ಸದ್ದು ನಿಂತು ಪಕ್ಕದ ಮನೆಯ ಕುಕ್ಕರಿನ ಸೀಟಿ ಕೇಳುತ್ತಿದೆ. ನೀವು ಕಾಗದದಲ್ಲಿ "ಇವತ್ತಿನಿಂದ ಕಿಟಕಿ ತೆರೆದೆವು" ಎಂದು ಬರೆಯುತ್ತಿದ್ದದ್ದು ಇದೇ ದಿನಗಳಲ್ಲಿರಬೇಕು. ಅದೇನು ದೊಡ್ಡ ಸುದ್ದಿ ಎಂದು ನಾನೂ ರೂಬೆನನೂ ನಗುತ್ತಿದ್ದೆವು. ಅದು ಎಷ್ಟು ದೊಡ್ಡ ಸುದ್ದಿ ಎಂದು ಈಗ ಗೊತ್ತಾಗುತ್ತದೆ.

ಫೋನಿರುವಾಗ ಕಾಗದ ಯಾಕೆ ಎಂದು ಮಮ್ಮಿ ಕೇಳಿಯೇ ಕೇಳುತ್ತಾಳೆ. ಈಸ್ಟರ್ ಕಳೆದ ವಾರ ನಿಮಗೆ ಸ್ಟ್ರೋಕ್ ಆಗಿ ಮಾತು ಹೋದಂದಿನಿಂದ, ವಿಡಿಯೋದಲ್ಲಿ ನನ್ನ ಮುಖ ಕಂಡ ಕೂಡಲೇ ನೀವು ಗೋಡೆಯ ಕಡೆ ತಿರುಗುತ್ತೀರಿ. ನಾನು ಏನಾದರೂ ಕೇಳುತ್ತೇನೆ, ನೀವು ಬಾಯಿ ತೆರೆಯುತ್ತೀರಿ, ಮಾತು ಹೊರಡುವುದಿಲ್ಲ, ಮಮ್ಮಿ ನಡುವೆ ಬಂದು "ಪಪ್ಪ ಹುಷಾರಿದ್ದಾರೆ" ಎಂದು ಫೋನ್ ತೆಗೆದುಕೊಳ್ಳುತ್ತಾಳೆ. ಇದರಿಂದ ಮೂವರಿಗೂ ಬೇಸರವೇ. ಕಾಗದವಾದರೆ ಕೂಡಲೇ ಉತ್ತರ ಕೊಡಬೇಕಾಗಿಲ್ಲ. ನಿಮಗೆ ಓದಲು ಬರುತ್ತದೆ, ಎಲ್ಲವೂ ಅರ್ಥವಾಗುತ್ತದೆ ಎಂದು ಡಾಕ್ಟರರು ಹೇಳಿದ್ದಾರೆ. ಅವರು ಹೇಳದಿದ್ದರೂ ನನಗೆ ಗೊತ್ತಿತ್ತು. ಇಪ್ಪತ್ತು ವರ್ಷ ಇದೇ ಊರಿನಿಂದ ನೀವು ನಮಗೆ ಬರೆದಿರಿ. "ಕೊಂಕಣಿ ನಾಲಗೆಗೆ, ಕನ್ನಡ ಕಾಗದಕ್ಕೆ" ಎಂದು ಹೇಳಿ ಕನ್ನಡದಲ್ಲೇ ಬರೆದು, ನಮ್ಮಿಂದಲೂ ಕನ್ನಡದಲ್ಲೇ ಉತ್ತರ ಬರೆಸಿದಿರಿ. ತಪ್ಪಿದ ಒತ್ತಕ್ಷರಗಳಿಗೆ ಕೆಂಪು ಶಾಯಿಯಲ್ಲಿ ಗೆರೆ ಎಳೆದು ನನ್ನ ಕಾಗದವನ್ನು ನನಗೇ ವಾಪಸು ಕಳಿಸಿದ್ದೂ ಉಂಟು. ಇದರಲ್ಲಿ ತಪ್ಪು ಸಿಕ್ಕಿದರೆ ಎಡಗೈಯಿಂದಲಾದರೂ ಗೆರೆ ಎಳೆಯಿರಿ.

ಮೊನ್ನೆ ರೂಬೆನ್ ಫೋನಿನಲ್ಲಿ ಹೇಳಿದ: ಮನೆಗೆ ಬರುವ ಫಿಸಿಯೋ ನಿಮ್ಮ ಕೈಗೆ ಹಿಸುಕಲು ಕೊಟ್ಟ ಸ್ಪಂಜಿನ ಚೆಂಡನ್ನು ನೀವು ಬಾಲ್ಕನಿಯಿಂದ ಕೆಳಗೆ ಎಸೆದಿರಂತೆ. ಆತ ಇಳಿದು ಹೋಗಿ ಹೆಕ್ಕಿ ತಂದರೆ ಮತ್ತೊಮ್ಮೆ ಎಸೆದಿರಂತೆ. ರೂಬೆನ್ ಬೇಜಾರಿನಲ್ಲಿ ಹೇಳುತ್ತಿದ್ದ, ನನಗೆ ನಗು ಬಂತು. ಫೋನ್ ಇಟ್ಟ ಮೇಲೆ ಆ ನಗು ಉಳಿಯಲಿಲ್ಲ. ಬಯ್ಯಲು ಬರೆಯುತ್ತಿಲ್ಲ ಪಪ್ಪಾ. ನನ್ನ ಕೆಲಸ ನಿಮಗೆ ಗೊತ್ತೇ ಇದೆ. ಸ್ಟ್ರೋಕ್ ಆದವರಿಗೆ ಅಂಗಿಯ ಗುಂಡಿ ಹಾಕಲು, ಚಮಚ ಹಿಡಿಯಲು, ಬಾಗಿಲ ಚಿಲಕ ತೆಗೆಯಲು ಮತ್ತೆ ಕಲಿಸುವುದು. ಚೆಂಡು ಎಸೆಯುವವರು ನನಗೆ ಹೊಸಬರಲ್ಲ. ಅಂಥ ಒಬ್ಬರ ಕಥೆಯನ್ನು ನಿಮಗೆ ಹೇಳಬೇಕೆಂದು ಕುಳಿತಿದ್ದೇನೆ. ಕಳೆದ ವಾರವಷ್ಟೇ ಅವರು ತಮ್ಮ ಊರಿಗೆ ಹೋದರು.

ಅವರ ಹೆಸರು ರಮ್ಝಿ. ಈಜಿಪ್ಟಿನವರು, ಹೆಚ್ಚುಕಡಿಮೆ ನಿಮ್ಮದೇ ಪ್ರಾಯ. ಇಲ್ಲಿಯ ಶಾಲೆಗಳಲ್ಲಿ ಡ್ರಾಯಿಂಗ್ ಮಾಸ್ಟರಾಗಿದ್ದು ನಿವೃತ್ತರಾದವರು, ಹಾಗಾಗಿ ಎಲ್ಲರೂ ಉಸ್ತಾದ್ ಎಂದೇ ಕರೆಯುವುದು. ಹೆಂಡತಿ ತೀರಿಕೊಂಡ ಮೇಲೆ ಮಗಳು ಹನಾನ್ ಜೊತೆ ಇದ್ದರು. ಆಕೆಗೆ ಬ್ಯಾಂಕಿನಲ್ಲಿ ಕೆಲಸ. ನಿಮ್ಮ ಹಾಗೆಯೇ ಅವರ ಬಲಗೈ ಮುದುಡಿತ್ತು, ಮಾತು ಪೂರ್ತಿ ನಿಂತಿತ್ತು. ಆಗಸ್ಟ್ ತಿಂಗಳ ಆ ಸುಡು ಸೆಕೆಯಲ್ಲೂ ಇಸ್ತ್ರಿ ಹಾಕಿದ ಅಂಗಿ ತೊಟ್ಟು, ಟೈ ಕಟ್ಟಿಸಿಕೊಂಡು ಗಾಲಿಕುರ್ಚಿಯಲ್ಲಿ ನಮ್ಮ ಆಸ್ಪತ್ರೆಗೆ ಬರುತ್ತಿದ್ದರು. ನಮ್ಮಲ್ಲಿ ಐಸ್‌ಕ್ರೀಮ್ ಕೋನನ್ನು ಬೋರಲು ಹಾಕಿದ ಹಾಗಿರುವ ಪ್ಲಾಸ್ಟಿಕ್ ಶಂಕುಗಳಿವೆ, ಕೆಂಪು, ಹಳದಿ, ನೀಲಿ. ಅವನ್ನು ಒಂದರ ಮೇಲೊಂದು ಇಡಿಸುವುದು ಮೊದಲ ಪಾಠ. ನೂಲಿನ ರೀಲಿನಂಥ ಮರದ ಗೂಟಗಳನ್ನು ತೂತಿನ ಹಲಗೆಯಲ್ಲಿ ಕೂರಿಸುವುದು ಎರಡನೆಯದು. ಉಸ್ತಾದರು ಶಂಕುಗಳನ್ನು ನೋಡಿದರು, ನನ್ನನ್ನು ನೋಡಿದರು, ಎಡಗೈಯಿಂದ ಬಲಗೈಯನ್ನು ಎತ್ತಿ ತೊಡೆಯ ಮೇಲೆ ಇಟ್ಟುಕೊಂಡು ಕಣ್ಣು ಮುಚ್ಚಿದರು. ಮರುದಿನವೂ ಅಷ್ಟೇ. ಒಂದು ದಿನ ನಾನು ಸ್ವಲ್ಪ ಹೆಚ್ಚೇ ಒತ್ತಾಯ ಮಾಡಿದೆ, ಟ್ರೇಯನ್ನು ತಳ್ಳಿಬಿಟ್ಟರು. ಶಂಕುಗಳು ಗೋಡೆಯವರೆಗೆ ಉರುಳಿದವು, ಉಳಿದ ರೋಗಿಗಳೆಲ್ಲ ತಿರುಗಿ ನೋಡಿದರು. ನಮ್ಮ ಮುಖ್ಯಸ್ಥೆ ಫೈಲು ತಿರುವಿ, "ಒಲ್ಲದವರಿಗೆ ಸಮಯ ಕೊಟ್ಟು ಏನು ಮಾಡುವುದು? ಈ ತಿಂಗಳು ನೋಡು, ಆಮೇಲೆ ಖಲಾಸ್" ಎಂದರು. ಹೊರಗೆ ಕಾಯುವವರ ಸಾಲು ಉದ್ದವಿತ್ತು, ಮುಖ್ಯಸ್ಥೆಯನ್ನೂ ದೂರುವಂತಿಲ್ಲ.

ಆ ದಿನ ಹನಾನ್ ನನ್ನನ್ನು ಲಿಫ್ಟಿನ ಹತ್ತಿರ ಹಿಡಿದು ನಿಲ್ಲಿಸಿದಳು. "ನಮ್ಮಪ್ಪನಿಗೆ ನಿಮ್ಮ ಮೇಲೆ ಸಿಟ್ಟಿಲ್ಲ ಮಿಸ್, ಅವರಿಗೆ ನಾಚಿಕೆಯಾಗುತ್ತಿದೆ" ಎಂದಳು. "ಎಷ್ಟೋ ಮಕ್ಕಳ ಕೈ ಹಿಡಿದು ಪೆನ್ಸಿಲ್ ಹಿಡಿಯಲು ಕಲಿಸಿದವರು. ಅವರ ಮುಂದೆ ನೀವು ಮಗುವಿನ ಆಟಿಕೆ ಇಟ್ಟಿದ್ದೀರಿ." ನನ್ನ ಬಳಿ ಬೇರೆ ಸಾಮಾನು ಇರಲಿಲ್ಲ. ರೂಬೆನ್ ಆ ಸ್ಪಂಜಿನ ಚೆಂಡಿನ ವಿಷಯ ಹೇಳಿದಾಗ ನನಗೆ ಮೊದಲು ನೆನಪಾದದ್ದು ಹನಾನಳ ಈ ಮಾತು. ಅರ್ದಿಯಾದ ಗೋದಾಮಿನಲ್ಲಿ ಯಾವ ಕಪಾಟಿನಲ್ಲಿ ಯಾವ ಅಳತೆಯ ಬೋಲ್ಟ್ ಇದೆ ಎಂದು ಕತ್ತಲಲ್ಲೂ ಕೈಯಾಡಿಸಿ ಹೇಳುತ್ತಿದ್ದವರು ನೀವು.

ಆಮೇಲೆ ಒಂದು ಬೆಳಿಗ್ಗೆ ಪಕ್ಕದ ಮೇಜಿನ ರೋಗಿಗೆ ತಲೆಸುತ್ತು ಬಂತೆಂದು ನಾನು ಅತ್ತ ಓಡಿದೆ. ಉಸ್ತಾದರ ಮುಂದೆ ಶಂಕುಗಳೂ ಗೂಟಗಳೂ ಹಾಗೆಯೇ ಹರಡಿಕೊಂಡಿದ್ದವು. ತಿರುಗಿ ಬಂದು ನೋಡುತ್ತೇನೆ, ಎಡಗೈಯಿಂದ ಅವನ್ನೆಲ್ಲ ಉದ್ದನೆಯ ಹಲಗೆಯ ಮೇಲೆ ಸಾಲಾಗಿ ನಿಲ್ಲಿಸಿದ್ದಾರೆ: ಒಂದು ಶಂಕು, ಒಂದು ಗೂಟ, ಮತ್ತೆ ಶಂಕು, ಮತ್ತೆ ಗೂಟ. ನಾನು ಪೆದ್ದಿಯ ಹಾಗೆ ಚಪ್ಪಾಳೆ ತಟ್ಟಿ "ಶಾತಿರ್, ಶಾತಿರ್" ಎಂದೆ. ಇಲ್ಲಿ ಮಕ್ಕಳಿಗೆ ಜಾಣ ಎನ್ನುವುದು ಹಾಗೆ. ಅವರ ಮುಖ ಬಾಡಿತು. ಸ್ವಲ್ಪ ಹೊತ್ತಿನ ಮೇಲೆ ನನ್ನ ಜೇಬಿನಲ್ಲಿದ್ದ ಪೆನ್ನನ್ನು ಬೆರಳು ಮಾಡಿ ತೋರಿಸಿದರು. ಕೊಟ್ಟೆ. ಅವರದೇ ಫೈಲಿನ ಬೆನ್ನಿನ ಮೇಲೆ ನಡುಗುವ ಎಡಗೈಯಿಂದ ಒಂದು ಉದ್ದನೆಯ ಪೆಟ್ಟಿಗೆ ಬರೆದು, ಅದರ ಮೇಲೆ ಹಲ್ಲುಗಳಂತೆ ಒಂದು ಸಾಲು ಎಳೆದರು. ಬಾಚಣಿಗೆಯೇ ಎಂದು ಕೇಳಿದೆ. ಕೋಟೆಯೇ ಎಂದೆ. ಮೇಣದಬತ್ತಿ ಹಚ್ಚಿದ ಕೇಕೇ ಎಂದೆ. ಅವರು ಪೆನ್ನನ್ನು ಕೆಳಗಿಟ್ಟು ನನ್ನನ್ನು ನೋಡಿದ ನೋಟ, ನಾನು ಒತ್ತಕ್ಷರ ತಪ್ಪಿದಾಗ ನೀವು ನೋಡುತ್ತಿದ್ದ ನೋಟವೇ.

ಅದರ ಫೋಟೋ ತೆಗೆದು ಹನಾನಳಿಗೆ ಕಳಿಸಿದೆ. ಬ್ಯಾಂಕಿನಿಂದಲೇ ಫೋನ್ ಮಾಡಿದಳು. "ಮಿಸ್, ಅದು ಬರೇ ಚಿತ್ರ ಅಲ್ಲ, ಅಕ್ಷರ" ಎಂದಳು, ಉಸಿರು ಮೇಲೆ ಕೆಳಗೆ ಆಗುತ್ತಿತ್ತು. ಈಜಿಪ್ಟಿನ ಆ ಪುರಾತನ ಕಾಲದವರು ಚಿತ್ರಗಳಲ್ಲೇ ಬರೆಯುತ್ತಿದ್ದರಲ್ಲ, ಅದರಲ್ಲಿ ಇದೂ ಒಂದು ಗುರುತಂತೆ. ಒಂದು ಆಟದ ಮಣೆ, ಅದರ ಮೇಲೆ ಸಾಲಾಗಿ ನಿಂತ ಕಾಯಿಗಳು. ಅದನ್ನು 'ಮೆನ್' ಎಂದು ಓದುತ್ತಾರೆ. ಆ ಸದ್ದು ಎಲ್ಲಿ ಬೇಕೋ ಅಲ್ಲೆಲ್ಲ ಅದೇ ಗುರುತು. ಅವರ ದೇವರು ಅಮುನ್ ಹೆಸರು ಬರೆಯುವಾಗಲೂ ನಡುವೆ ಆಟದ ಕಾಯಿಗಳು ಬಂದು ನಿಲ್ಲುತ್ತವೆ. ಮೆನ್ ಎಂಬ ಮಾತಿಗೆ ಅದರದೇ ಅರ್ಥವೂ ಇದೆಯಂತೆ: ಉಳಿಯುವುದು, ಅಲುಗಾಡದೆ ಇರುವುದು. ಹನಾನ್ ಐದು ವರ್ಷದವಳಿದ್ದಾಗ ಅಪ್ಪ ಅವಳಿಗೆ ಆ ಗುರುತನ್ನು ಬರೆಯಲು ಕಲಿಸಿದ್ದರಂತೆ. "ನಾನಿನ್ನೂ ಇದ್ದೇನೆ ಎಂದು ಹೇಳಿದರೋ, ನಿಮ್ಮ ಶಂಕು ನೋಡಿ ಆಟದ ಕಾಯಿ ನೆನಪಾಯಿತೋ, ನನಗೆ ತಿಳಿಯುತ್ತಿಲ್ಲ" ಎಂದು ಅತ್ತಳು.

ಮರುದಿನ ಅವಳು ಅಗಲವಾದ ಚರ್ಮದ ಚೀಲವೊಂದನ್ನು ಹೊತ್ತು ತಂದಳು. ಹರೆಯದಲ್ಲಿ ಉಸ್ತಾದರು ಲಕ್ಸರ್ ಎಂಬಲ್ಲಿ ಹಳೆಯ ಗೋರಿಗಳೊಳಗಿನ ಗೋಡೆಚಿತ್ರಗಳನ್ನು ನಕಲು ತೆಗೆಯುವ ತಂಡದಲ್ಲಿದ್ದರಂತೆ. ದೀಪದ ಬೆಳಕಿನಲ್ಲಿ ನಿಂತು ಗೆರೆಯ ಮೇಲೆ ಗೆರೆ ಎಳೆದ ಹಾಳೆಗಳು ಚೀಲದ ತುಂಬ ಇದ್ದವು. ಒಂದರಲ್ಲಿ ಇಬ್ಬರು ಎದುರುಬದುರು ಕುಳಿತಿದ್ದಾರೆ, ನಡುವೆ ಮಣೆ, ಮಣೆಯ ಮೇಲೆ ನಮ್ಮ ಶಂಕು ಮತ್ತು ಗೂಟದಂಥವೇ ಕಾಯಿಗಳು. ಶಂಕು ಒಬ್ಬನವು, ರೀಲಿನ ಆಕಾರದವು ಇನ್ನೊಬ್ಬನವು. ಆ ಕಾಲದವರು ಕಾಯಿಗಳನ್ನು 'ಕುಣಿಯುವವರು' ಎಂದು ಕರೆಯುತ್ತಿದ್ದರಂತೆ. ಇನ್ನೊಂದು ಹಾಳೆಯಲ್ಲಿ ತೆಳ್ಳನೆಯ ಬಿಳಿ ಬಟ್ಟೆಯ ಒಬ್ಬ ರಾಣಿ. ಕುರ್ಚಿಯಲ್ಲಿ ಕುಳಿತು ಮಣೆಯ ಕಡೆ ಕೈ ಚಾಚಿದ್ದಾಳೆ. ಅವಳ ಎದುರಿಗೆ ಯಾರೂ ಇಲ್ಲ. ಯಾರೊಂದಿಗೆ ಆಡುತ್ತಿದ್ದಾಳೆ ಎಂದು ನಾನು ಕೇಳಿದೆ. ಉಸ್ತಾದರು ಮೊದಲ ಬಾರಿಗೆ ನಕ್ಕರು. ಬಾಯಿಯ ಒಂದು ಬದಿ ಮಾತ್ರ ಮೇಲೆ ಹೋಯಿತು.

ಆ ರಾಣಿಯನ್ನು ನೋಡುತ್ತಾ ನನಗೆ ನಮ್ಮ ಲೂಡೊ ನೆನಪಾಯಿತು ಪಪ್ಪಾ. ಸಂಜೆ ತೇರ್ಸ್ ಪ್ರಾರ್ಥನೆ ಮುಗಿದು ಜಪಸರಗಳನ್ನು ಮೊಳೆಗೆ ತೂಗಿಹಾಕಿದ ಮೇಲೆ ಮಮ್ಮಿ ಹಾಸುತ್ತಿದ್ದ ಆ ಮಾಸಿದ ಲೂಡೊ. ಹಸಿರು ಯಾವಾಗಲೂ ನಿಮ್ಮದು. ನೀವು ಕುವೈತಿನಲ್ಲಿದ್ದೀರೆಂದು ಹಸಿರನ್ನು ಯಾರೂ ತೆಗೆದುಕೊಳ್ಳುವಂತಿರಲಿಲ್ಲ. "ಈಗ ಪಪ್ಪನ ಸರದಿ" ಎಂದು ಮಮ್ಮಿ ನಿಮ್ಮ ದಾಳ ಹಾಕುತ್ತಿದ್ದಳು. ನಿಮ್ಮ ಕಾಯಿಗಳು ಒಂದೊಂದಾಗಿ ಕಳೆದುಹೋದವು. ಒಂದಕ್ಕೆ ಹುಣಸೆಬೀಜ, ಒಂದಕ್ಕೆ ಪೇಸ್ಟಿನ ಮುಚ್ಚಳ, ಒಂದಕ್ಕೆ ನಿಮ್ಮ ಹಳೆಯ ಅಂಗಿಯ ಗುಂಡಿ ಬಂತು. ನಾಲ್ಕನೆಯದು ಮಾತ್ರ ಕೊನೆಯವರೆಗೂ ನಿಜವಾದ ಹಸಿರು ಕಾಯಿ. ಮಮ್ಮಿ ಕಾಗದದಲ್ಲಿ "ಈ ವಾರ ನೀವು ಗೆದ್ದಿರಿ" ಎಂದು ಬರೆದರೆ, ನೀವು "ನನ್ನ ಗುಂಡಿಯನ್ನು ಮನೆಯ ಬಾಗಿಲಲ್ಲಿ ಹೊಡೆದದ್ದು ಯಾರು? ಬಂದ ಮೇಲೆ ನೋಡಿಕೊಳ್ಳುತ್ತೇನೆ" ಎಂದು ಉತ್ತರಿಸುತ್ತಿದ್ದಿರಿ. ರಜೆಯಲ್ಲಿ ನೀವು ನಿಜವಾಗಿ ಎದುರಿಗೆ ಬಂದು ಕುಳಿತ ಮೊದಲ ಸಂಜೆ ಮಮ್ಮಿ ಅಭ್ಯಾಸಬಲದಿಂದ ನಿಮ್ಮ ದಾಳವನ್ನೂ ತಾನೇ ಹಾಕಿಬಿಟ್ಟಳು. "ನಾನು ಬಂದಿದ್ದೇನೆ ಮಾರಾಯ್ತಿ, ಇಲ್ಲಿ ಕೊಡು" ಎಂದಿರಿ ನೀವು. ಎಲ್ಲರೂ ನಕ್ಕೆವು. ಮಮ್ಮಿ ನಗುತ್ತಲೇ ಎದ್ದು ಅಡುಗೆಮನೆಗೆ ಹೋದದ್ದು ಯಾಕೆಂದು ನನಗೆ ಆಗ ತಿಳಿಯಲಿಲ್ಲ.

ಹನಾನ್ ರಟ್ಟಿನ ಮೇಲೆ ಮಣೆ ಬರೆದು ಕೊಟ್ಟಳು: ಮೂರು ಸಾಲು, ಸಾಲಿಗೆ ಹತ್ತು ಮನೆ. ಮೊದಲ ಸಾಲಿನಲ್ಲಿ ಹೋಗಿ, ಎರಡನೆಯದರಲ್ಲಿ ಉಳುವ ಎತ್ತಿನ ಹಾಗೆ ತಿರುಗಿ ಬಂದು, ಮೂರನೆಯದರಲ್ಲಿ ಮತ್ತೆ ಮುಂದಕ್ಕೆ ಹೋಗಿ ಕಾಯಿಗಳನ್ನು ಹೊರಗೆ ದಾಟಿಸಬೇಕು. ನಿಜವಾದ ನಿಯಮಗಳು ಇಂದು ಯಾರಿಗೂ ಪೂರ್ತಿ ಗೊತ್ತಿಲ್ಲವಂತೆ, ಬಲ್ಲವರು ಊಹಿಸಿ ಆಡುತ್ತಾರೆ. ಇವು ಉಸ್ತಾದರು ತಮ್ಮ ವಿದ್ಯಾರ್ಥಿಗಳಿಗಾಗಿ ಮಾಡಿಕೊಂಡ ನಿಯಮಗಳು. ದಾಳದ ಬದಲು ಕಡ್ಡಿ ಎಸೆಯಬೇಕು. ಡಾಕ್ಟರರು ನಾಲಗೆ ಒತ್ತಿ ಗಂಟಲು ನೋಡುವ ಮರದ ಕಡ್ಡಿಗಳಿಗೆ ಒಂದು ಬದಿ ಮಸಿ ಬಳಿದು ಕೊಟ್ಟೆ. ಉಸ್ತಾದರು ಕಲಿಸತೊಡಗಿದರು. ಮಾತಿಲ್ಲ, ಬೆರಳು ಮತ್ತು ಹುಬ್ಬಿನಿಂದಲೇ ಕಲಿಸಿದರು. ನಾನು ದಡ್ಡಿಯಾದಷ್ಟೂ ಅವರು ಕುರ್ಚಿಯಲ್ಲಿ ನೆಟ್ಟಗಾಗುತ್ತಿದ್ದರು. ಎರಡನೆಯ ದಿನ ನಾನೊಂದು ನಿಯಮ ಸೇರಿಸಿದೆ: ಕಾಯಿಯನ್ನು ಬಲಗೈಯಲ್ಲೇ ನಡೆಸಬೇಕು. ಅವರು ಬಹಳ ಹೊತ್ತು ನನ್ನ ಮುಖ ನೋಡಿ, ತಲೆಯಾಡಿಸಿ ಒಪ್ಪಿಕೊಂಡರು. ಒಂದು ಕಾಯಿ ಒಂದು ಮನೆ ದಾಟುವಷ್ಟರಲ್ಲಿ ನನ್ನ ಚಹಾ ತಣ್ಣಗಾಗುತ್ತಿತ್ತು. ಬೀಳುತ್ತಿತ್ತು, ಎತ್ತುತ್ತಿದ್ದರು, ಮತ್ತೆ ಬೀಳುತ್ತಿತ್ತು. ಹಣೆಯಿಂದ ಬೆವರು ಇಳಿದು ಟೈ ಒದ್ದೆಯಾಗುತ್ತಿತ್ತು. ಒಮ್ಮೆಯೂ ಟ್ರೇ ತಳ್ಳಲಿಲ್ಲ. ಮುಖ್ಯಸ್ಥೆ ಎರಡು ಸಲ ಬಂದು ನಿಂತು ನೋಡಿದರು. ತಿಂಗಳು ಮುಗಿದಾಗ ಖಲಾಸ್ ಎಂಬ ಮಾತನ್ನು ಅವರು ಎತ್ತಲಿಲ್ಲ.

ಮಣೆಯ ಕೊನೆಯ ಹತ್ತಿರ ನೀರಿನ ಮನೆ ಎಂಬುದೊಂದಿದೆ. ಅದರೊಳಗೆ ಬಿದ್ದ ಕಾಯಿ ಹಿಂದಕ್ಕೆ ಹೋಗಬೇಕು. ಅಕ್ಟೋಬರಿನ ಒಂದು ದಿನ ನಾನು ಗೆಲ್ಲುವ ಅವಸರದಲ್ಲಿ ಆ ಮನೆಯನ್ನು ಮರೆತೇಬಿಟ್ಟೆ. ನೀರಿನಲ್ಲಿ ಬಿದ್ದಿದ್ದ ಕಾಯಿಯನ್ನು ಹಾಗೆಯೇ ಮುಂದೆ ನಡೆಸಿ ಹೊರಗೆ ತೆಗೆದುಬಿಟ್ಟೆ. ಉಸ್ತಾದರು ಮಣೆಯ ಮೇಲೆ ಕೈ ಬಡಿದು, "ಘಲತ್" ಎಂದರು.

ನಮ್ಮ ಹಿಂದಿಯ ಗಲತ್ ಇದೆಯಲ್ಲ, ಅದೇ. ತಪ್ಪು. ಗೊಗ್ಗರು ಧ್ವನಿ, ಆದರೆ ಸ್ಪಷ್ಟವಾಗಿತ್ತು. ನಾನು ಕಾಯಿ ಹಿಡಿದುಕೊಂಡು ಹಾಗೆಯೇ ಕುಳಿತೆ. ಅವರೂ ತಮ್ಮ ಧ್ವನಿ ಎಲ್ಲಿಂದ ಬಂತೆಂದು ಹುಡುಕುವವರ ಹಾಗೆ ಸುತ್ತ ನೋಡಿದರು. ಹನಾನ್ ಆಗಷ್ಟೇ ಬಾಗಿಲಿಗೆ ಬಂದಿದ್ದಳು, ಕೈಚೀಲ ಹಿಡಿದುಕೊಂಡೇ ನೆಲದ ಮೇಲೆ ಕುಳಿತುಬಿಟ್ಟಳು. "ಮತ್ತೊಮ್ಮೆ ಹೇಳಿ ಬಾಬಾ, ನನಗೂ ಹೇಳಿ" ಎಂದು ಬೇಡಿಕೊಂಡಳು. ಉಸ್ತಾದರು ಅವಳತ್ತ ನೋಡಲೇ ಇಲ್ಲ. ನನ್ನ ಕೈಯ ಕಾಯಿಯನ್ನು ತೋರಿಸಿ, ನೀರಿನ ಮನೆಯನ್ನು ತೋರಿಸಿ, ಇನ್ನೊಮ್ಮೆ "ಘಲತ್" ಎಂದರು. ಅವರ ಚಿಂತೆಯೆಲ್ಲ ಆಟದ ಮೇಲಿತ್ತು. ನಾನು ಕಾಯಿಯನ್ನು ಹಿಂದಕ್ಕೆ ಇಟ್ಟೆ. ಅಂದಿನಿಂದ ಒಂದು ವಾರ ಎಲ್ಲವೂ ಘಲತ್: ಔಷಧಿ ಘಲತ್, ಲಿಫ್ಟು ಘಲತ್, ಸಕ್ಕರೆಯಿಲ್ಲದ ಚಹಾ ಮಹಾ ಘಲತ್.

ಅವರು ಪೂರ್ತಿ ಗುಣವಾದರು ಎಂದು ಬರೆದರೆ ಸುಳ್ಳಾಗುತ್ತದೆ. ಬೆರಳುಗಳಲ್ಲಿ ಎಣಿಸುವಷ್ಟು ಮಾತು ಬಂದಿದೆ. ಬಲಗೈ ಲೋಟ ಹಿಡಿಯುತ್ತದೆ, ಪೆನ್ಸಿಲು ಇನ್ನೂ ಹಿಡಿಯುವುದಿಲ್ಲ. ಹನಾನಳ ತಮ್ಮ ಈಜಿಪ್ಟಿನ ಮಿನ್ಯಾದಿಂದ ಬಂದು ಊರಿಗೆ ಕರೆದುಕೊಂಡು ಹೋದ. ಹೊರಡುವ ದಿನ ಟೈ ಸೊಟ್ಟಗಿತ್ತು. ಹನಾನ್ ಸರಿಮಾಡಲು ಹೋದರೆ ಕೈ ತಳ್ಳಿದರು. ಅಂದು ಅದನ್ನು ತಾವೇ ಕಟ್ಟಿಕೊಂಡಿದ್ದರಂತೆ. ಕೊನೆಯ ಆಟದಲ್ಲಿ ನನ್ನನ್ನು ಸೋಲಿಸಿ, ಬಲಗೈಯನ್ನು ನನ್ನ ತಲೆಯ ಮೇಲಿಟ್ಟು "ಬಿಂತಿ" ಎಂದರು. ನನ್ನ ಮಗಳೇ ಎಂದು ಅದರ ಅರ್ಥ. ನನಗೆ ಹೇಳಿದರೋ, ಹಿಂದೆ ನಿಂತಿದ್ದ ಹನಾನಳನ್ನು ಕರೆದರೋ, ಇಬ್ಬರೂ ಕೇಳಲಿಲ್ಲ. ಬಸ್ಸಿನಲ್ಲಿ ಮಹಬೂಲಾಕ್ಕೆ ವಾಪಸು ಬರುವಾಗ ಕಿಟಕಿಯ ಕಡೆ ತಿರುಗಿ ಕುಳಿತೆ. ಇನ್ನೊಬ್ಬಳ ಅಪ್ಪನ ಎದುರು ಎಷ್ಟು ದಿನ ಕುಳಿತೆ, ನನ್ನ ಅಪ್ಪನ ಎದುರು ಒಂದು ದಿನವೂ ಕುಳಿತಿಲ್ಲ ಎಂದು ದಾರಿಯುದ್ದಕ್ಕೂ ಅನಿಸುತ್ತಿತ್ತು. ಕ್ರಿಸ್‌ಮಸ್‌ಗೆ ರಜೆ ಸಿಗಲಿಲ್ಲ. ಜನವರಿಗೆ ಬರುತ್ತೇನೆ.

ಅಷ್ಟರವರೆಗೆ ನನ್ನ ಬದಲು ಒಂದು ಪೆಟ್ಟಿಗೆ ಬರುತ್ತದೆ. ಅರ್ದಿಯಾದಲ್ಲಿ ನಿಮ್ಮ ಗೋದಾಮಿನ ಹಿಂದೆ ಮರದ ವರ್ಕ್‌ಶಾಪ್ ಇಟ್ಟಿರುವ ಮೊಯ್ದೀನ್ ಕುಂಞಿಯವರ ನೆನಪಿದೆಯೇ? ಗಡ್ಡ ಪೂರಾ ಬೆಳ್ಳಗಾಗಿದೆ. ನಾನು ಕಾಯಿಗಳ ಚಿತ್ರ ತೋರಿಸಿ ಮುದುಡಿದ ಕೈಗೂ ಹಿಡಿತ ಸಿಗುವಷ್ಟು ದಪ್ಪ ಬೇಕು ಎಂದಾಗ, "ಯಾರಿಗೆ ಮಗಳೇ?" ಎಂದು ಕೇಳಿದರು. ನಿಮ್ಮ ಹೆಸರು ಹೇಳಿದೆ. "ನಮ್ಮ ಬೊನವೆಂಚರ್ ಪೊರ್ಬುಗಳಿಗಾ?" ಎಂದು ಮೆಷಿನ್ ನಿಲ್ಲಿಸಿ, ಬೇರೆ ಕೆಲಸವನ್ನೆಲ್ಲ ಬದಿಗಿಟ್ಟು ಅಲ್ಲೇ ಕಡೆದು ಕೊಟ್ಟರು. ಶಂಕುಗಳು ತಿಳಿ ಬಣ್ಣದ ಮರ, ರೀಲುಗಳು ಕಪ್ಪು ಮರ. ಮಣೆಯ ಅಂಚನ್ನು ಕೈಗೆ ತಾಗದ ಹಾಗೆ ನುಣ್ಣಗೆ ಉಜ್ಜಿದ್ದಾರೆ. ನಮ್ಮ ಕಟ್ಟಡದ ಆಗಸ್ಟಿನ್ ಅಂಕಲ್ ಇಂದು ಸಂಜೆಯ ವಿಮಾನಕ್ಕೆ ಮಂಗಳೂರಿಗೆ ಹೊರಟಿದ್ದಾರೆ. ಪೆಟ್ಟಿಗೆಯೂ ಈ ಕಾಗದವೂ ಅವರ ಕೈಯಲ್ಲಿ ಬರುತ್ತವೆ.

ಆಲ್‌ಸ್ಟನ್ ಇವತ್ತೂ ಎಗೈಲಾದ ಅಂಗಡಿಗೆ ಡ್ಯೂಟಿಗೆ ಹೋಗಿದ್ದಾರೆ. ಮಾವನಿಗೆ ನೆನಪು ಹೇಳು ಎಂದಿದ್ದಾರೆ. ಮಮ್ಮಿಗೆ ಮುತ್ತು, ರೂಬೆನ್ ಮತ್ತು ಜಾನಿಸ್‌ಗೆ ಪ್ರೀತಿ. ಚಿಕ್ಕಂದಿನ ಹಾಗೆ ಕೈ ಜೋಡಿಸಿ ನಿಂತು ಬೆಸಾಂವ್, ನಿಮ್ಮ ಆಶೀರ್ವಾದ, ಕೇಳುತ್ತಿದ್ದೇನೆ ಪಪ್ಪಾ. ನೀವು ಎಡಗೈಯಲ್ಲಿ ಶಿಲುಬೆಯ ಗುರುತು ಮಾಡಿದರೂ ನನಗೆ ಇಲ್ಲಿಗೆ ಮುಟ್ಟುತ್ತದೆ.

ನಿಮ್ಮ ಮಗಳು,
ಕ್ಲಾರಿಸ್ಸಾ

ತಾ.ಕ.: ಆಗಸ್ಟಿನ್ ಅಂಕಲ್ ಕೆಳಗೆ ಹಾರ್ನ್ ಹೊಡೆಯುತ್ತಿದ್ದಾರೆ, ಬೇಗ ಬರೆಯುತ್ತೇನೆ. ಪೆಟ್ಟಿಗೆಯಲ್ಲಿ ಆಟದ ನಿಯಮ ಇಟ್ಟಿಲ್ಲ. ಮಮ್ಮಿಗೆ ಹೇಳಿಲ್ಲ, ರೂಬೆನನಿಗೂ ಹೇಳಿಲ್ಲ. ಈ ಕೊನೆಯ ಹಾಳೆಯ ಹಿಂದೆ ಎಲ್ಲ ಬರೆದಿದ್ದೇನೆ, ಅದು ನಿಮಗೆ ಮಾತ್ರ. ಓದಿ ದಿಂಬಿನ ಕೆಳಗೆ ಇಟ್ಟುಕೊಳ್ಳಿ. ಇಡೀ ಮನೆಯಲ್ಲಿ ಆಟ ಗೊತ್ತಿರುವುದು ನಿಮಗೊಬ್ಬರಿಗೇ. ನೀವು ಕಲಿಸಿದರೆ ಮಮ್ಮಿ ಆಡುತ್ತಾಳೆ, ಇಲ್ಲದಿದ್ದರೆ ಇಲ್ಲ. ಕಾಯಿ ಬಲಗೈಯಲ್ಲೇ. ಅವಳು ತಪ್ಪಾಗಿ ನಡೆಸಿದಾಗ ಕೈಸನ್ನೆ ಮಾಡಬೇಡಿ, ಬಾಯಿಬಿಟ್ಟು ಬಯ್ಯಿರಿ. ನಿಮ್ಮಿಂದ ಬಯ್ಯಿಸಿಕೊಳ್ಳಲು ಅವಳು ಈಸ್ಟರಿನಿಂದ ಕಾಯುತ್ತಿದ್ದಾಳೆ.